ಅಮ್ಮನಿಗೆ ಕೊಟ್ಟಿದ್ದು ಹುಚ್ಚಿನ ಮಾತ್ರೆನಾ ಮೇಡಂ?

ಫೆಬ್ರವರಿಯ ಒಂದು ಶನಿವಾರ ಹಾಸನದ ನನ್ನ ಕೋಣೆಗೆ ಮೂವರು ಬಂದರು. ಅಮ್ಮ, ಮಗಳು, ಅತ್ತೆ. ಸಕಲೇಶಪುರದ ಕಡೆಯವರು. ಅಮ್ಮನನ್ನು ಇಲ್ಲಿ ಸರೋಜ ಅಂತ ಕರೆಯುತ್ತೇನೆ, ಅದು ಅವರ ನಿಜವಾದ ಹೆಸರಲ್ಲ. ಮನೆಯ ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ. "ಬರೀರಿ ಮೇಡಂ, ನನ್ನ ಥರ ಮೆಡಿಕಲ್‌ನಲ್ಲಿ ಸ್ಟ್ರಿಪ್ ಇಸ್ಕೊಂಡು ನುಂಗೋರು ನಮ್ಮ ಕಡೆ ಎಷ್ಟು ಜನ ಇದ್ದಾರೋ" ಅಂದವರು ಅವರೇ.

ಮಾತು ಶುರು ಮಾಡಿದ್ದು ಮಗಳು. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಿರುವ ಹುಡುಗಿ. ಊರಿಗೆ ಹೋದಾಗ ಅಮ್ಮ ನುಂಗುತ್ತಿದ್ದ ಮಾತ್ರೆಯ ಹೆಸರನ್ನು ಫೋನಿನಲ್ಲಿ ಹುಡುಕಿದ್ದಾಳೆ. ಪ್ರೊಕ್ಲೋರ್‌ಪೆರಜಿನ್. ಮೊದಲ ಸಾಲಿನಲ್ಲೇ ಆಂಟಿಸೈಕೋಟಿಕ್, ಅಂದರೆ ತೀವ್ರ ಮಾನಸಿಕ ಕಾಯಿಲೆಗೆ ಕೊಡೋ ಮಾತ್ರೆ ಅಂತ ಇದೆ, ಕೆಳಗೆ ಸ್ಕಿಜೋಫ್ರೇನಿಯಾ ಅನ್ನೋ ಕಾಯಿಲೆಯ ಹೆಸರು. ರಾತ್ರಿಯೆಲ್ಲ ನಿದ್ದೆ ಮಾಡಿಲ್ಲ ಹುಡುಗಿ. ಬೆಳಿಗ್ಗೆ ಬಾಯಿ ತಪ್ಪಿ ಅಜ್ಜಿಯ ಮುಂದೆ ಹೇಳಿದ್ದಾಳೆ. ಅಲ್ಲಿಂದ ಮನೆಯಲ್ಲಿ ಒಂದೇ ಗಲಾಟೆ.

"ಅಮ್ಮನಿಗೆ ವಾಂತಿ ಅಂತ ಹೋದ್ರೆ ಡಾಕ್ಟ್ರು ಹುಚ್ಚಿನ ಮಾತ್ರೆ ಕೊಟ್ಟಿದ್ದಾರೆ. ಅಮ್ಮನಿಗೆ ಹುಚ್ಚಾ ಮೇಡಂ?"

ಆಗ ಸರೋಜ ಕುರ್ಚಿಯಲ್ಲಿ ಇರಲಿಲ್ಲ, ಕಿಟಕಿ ಹತ್ತಿರ ನಿಂತಿದ್ದರು. ಮೊದಲ ಹತ್ತು ನಿಮಿಷದಲ್ಲಿ ನಾಲ್ಕೈದು ಸಲ ಎದ್ದರು, ಕೂತಾಗಲೂ ಎರಡೂ ಕಾಲು ಆಡುತ್ತಲೇ ಇತ್ತು. ನನ್ನ ಕಣ್ಣು ಅಲ್ಲೇ ನಿಂತಿತು. ಆದರೆ ಅದನ್ನು ಆಮೇಲೆ ಹೇಳುತ್ತೇನೆ, ಮೊದಲು ಮಗಳ ಪ್ರಶ್ನೆ.

ನಾನು ಆಪ್ತಸಲಹೆಗಾರ್ತಿ, ಡಾಕ್ಟರ್ ಅಲ್ಲ. ಮಾತ್ರೆ ಬರೆಯೋದು, ನಿಲ್ಲಿಸೋದು ನನ್ನ ಕೆಲಸವಲ್ಲ. ಆದರೆ ಈ ಪ್ರಶ್ನೆಗೆ ಉತ್ತರ ಕೊಡಬಹುದು. ಹುಚ್ಚು ಅಲ್ಲ. ಆ ಪದವನ್ನು ಯಾರಿಗೂ ಬಳಸೋದು ಬೇಡ ಅಂತಲೂ ಹೇಳಿದೆ, ಅದು ಬೇರೆ ಮಾತು.

ನಮ್ಮ ಮಿದುಳಿನ ಕಾಂಡದ ಹತ್ತಿರ ಒಂದು ಸಣ್ಣ ಜಾಗ ಇದೆ. ರಕ್ತದಲ್ಲಿ ವಿಷ ಏನಾದರೂ ಬಂತಾ ಅಂತ ಕಾಯೋದೇ ಅದರ ಕೆಲಸ. ಏನೋ ಸರಿ ಇಲ್ಲ ಅನ್ನಿಸಿದರೆ ವಾಂತಿ ಮಾಡು ಅಂತ ಹೊಟ್ಟೆಗೆ ಸುದ್ದಿ ಕಳಿಸುತ್ತದೆ. ಆ ಸುದ್ದಿ ಸಾಗಿಸೋ ಮುಖ್ಯ ರಾಸಾಯನಿಕಗಳಲ್ಲಿ ಡೋಪಮಿನ್ ಅನ್ನೋದು ಒಂದು. ಇಲ್ಲದ ದನಿ ಕೇಳುವಂಥ ಕಾಯಿಲೆಯಲ್ಲಿ ಮಿದುಳಿನ ಬೇರೆ ಭಾಗದಲ್ಲಿ ಏರುಪೇರಾಗೋದೂ ಇದೇ ಡೋಪಮಿನ್. ಪ್ರೊಕ್ಲೋರ್‌ಪೆರಜಿನ್ ಡೋಪಮಿನ್ ಕೂರುವ ಜಾಗಕ್ಕೆ ಅಡ್ಡ ಕೂರುತ್ತದೆ. ಹಾಗಾಗಿ ಎರಡಕ್ಕೂ ಬರುತ್ತದೆ. ಪ್ರಮಾಣ ಮಾತ್ರ ಬೇರೆ. ವಾಕರಿಕೆಗೆ 5 ಮಿಲಿಗ್ರಾಂನ ಮಾತ್ರೆ ದಿನಕ್ಕೆ ಮೂರು ಸಲ ಇರಬಹುದು. ತೀವ್ರ ಮಾನಸಿಕ ಕಾಯಿಲೆಗೆ ದಿನಕ್ಕೆ 75ರಿಂದ 100 ಮಿಲಿಗ್ರಾಂವರೆಗೂ ಹೋಗುತ್ತಾರೆ. ತೋಟದಲ್ಲಿ ಮರಗಸಿ ಮಾಡೋ, ಅಂದರೆ ಮರದ ಕೊಂಬೆ ಸವರೋ ಕತ್ತಿಯಲ್ಲೇ ಎಳನೀರೂ ಕೊಚ್ಚುತ್ತೀರಿ ಅಲ್ವಾ, ಎಳನೀರು ಕೊಚ್ಚಿದ ತಕ್ಷಣ ಅದು ಮರ ಆಗುತ್ತಾ ಅಂತ ಕೇಳಿದೆ. ಅತ್ತೆಗೆ ನಗು ಬಂತು.

ಆಂಟಿಸೈಕೋಟಿಕ್ ಔಷಧಿಗಳಲ್ಲಿ ಮೊದಲು ಬಂದಿದ್ದು ಕ್ಲೋರ್‌ಪ್ರೊಮಜಿನ್. ಅದನ್ನು 1950ರಲ್ಲಿ ಫ್ರಾನ್ಸಿನಲ್ಲಿ ತಯಾರಿಸಿದರು, ಅಲರ್ಜಿ ಔಷಧಿಗಳ ಹಾದಿಯಲ್ಲಿ ಹೋಗುತ್ತಾ ಸಿಕ್ಕಿದ್ದು. ಆಪರೇಷನ್‌ಗೆ ಮೊದಲು ಕೊಟ್ಟರೆ ರೋಗಿ ಶಾಂತವಾಗಿರುತ್ತಾನೆ ಅಂತ ಮೊದಲು ಗಮನಿಸಿದ್ದು ಆಂರಿ ಲಾಬೊರಿ ಅನ್ನೋ ಸರ್ಜನ್. 1952ರಲ್ಲಿ ಪ್ಯಾರಿಸಿನ ಮನೋವೈದ್ಯರು ಅದನ್ನು ಮಾನಸಿಕ ಕಾಯಿಲೆಗೆ ಬಳಸಿದರು. ಆಂಟಿಸೈಕೋಟಿಕ್ ಅನ್ನೋ ಹಣೆಪಟ್ಟಿ ಅಂಟಿಕೊಂಡಿದ್ದು ಆಮೇಲೆ.

ಇಷ್ಟು ಹೇಳುವಾಗ ಅತ್ತೆ ನಡುವೆ ಬಾಯಿ ಹಾಕಿದರು. ಅವರ ತಂಗಿಗೆ ಬೆಂಗಳೂರಿನಲ್ಲಿ ಕೀಮೋ ಆದಾಗ ರಾತ್ರಿ ಒಂದು ಸಣ್ಣ ಮಾತ್ರೆ ಕೊಡುತ್ತಿದ್ದರಂತೆ, ವಾಂತಿ ನಿಂತು ಒಳ್ಳೆ ನಿದ್ದೆ ಬರುತ್ತಿತ್ತಂತೆ. ಫೋನ್ ಮಾಡಿ ಹೆಸರು ಕೇಳಿಸಿದೆವು. ಒಲಾಂಜಪಿನ್. ಅದೂ ಆಂಟಿಸೈಕೋಟಿಕ್ಕೇ. ಕೀಮೋ ವಾಂತಿಗೆ ಈಗ ಎಲ್ಲ ಕಡೆ ಕೊಡುತ್ತಾರೆ. 10 ಮಿಲಿಗ್ರಾಂ ಬದಲು 2.5 ಮಿಲಿಗ್ರಾಂ ಕೊಟ್ಟರೂ ಕೆಲಸ ಆಗುತ್ತದೆ, ತೂಕಡಿಕೆ ಕಡಿಮೆ ಅಂತ ತೋರಿಸಿದ ಅಧ್ಯಯನ ನಡೆದಿದ್ದು ನಮ್ಮ ದೇಶದಲ್ಲೇ, 2024ರಲ್ಲಿ ಪ್ರಕಟವಾಯಿತು. "ನನ್ನ ತಂಗಿಗೆ ಹುಚ್ಚು ಅಂತ ಯಾರೂ ಅನ್ಲಿಲ್ಲ" ಅಂತ ಅತ್ತೆ ತಮಗೆ ತಾವೇ ಹೇಳಿಕೊಂಡರು. ಆ ಹೊತ್ತಿಗೆ ಸೊಸೆಯ ಕಡೆ ನೋಡಿದ ರೀತಿಯೇ ಬೇರೆ ಇತ್ತು.

ಮಗಳ ಭಯ ಇಳಿಯಿತು. ನನ್ನ ಭಯ ಇಳಿದಿರಲಿಲ್ಲ.

"ಇದನ್ನ ಎಷ್ಟು ದಿನದಿಂದ ತಗೋತಿದ್ದೀರಿ?" ಅಂತ ಸರೋಜರನ್ನು ಕೇಳಿದೆ. ಅಕ್ಟೋಬರ್ ಅಂದರು. ಡಾಕ್ಟರ್ ಚೀಟಿ ಬ್ಯಾಗಿನಲ್ಲೇ ಇತ್ತು, ಐದು ದಿನ ಅಂತ ಸ್ಪಷ್ಟವಾಗಿ ಬರೆದಿತ್ತು. ತಲೆಸುತ್ತು, ವಾಕರಿಕೆ ಅಂತ ಬಂದವರಿಗೆ ಐದು ದಿನಕ್ಕೆ ಕೊಟ್ಟಿದ್ದು ಸರಿಯಾದ ಮದ್ದೇ, ಆ ಡಾಕ್ಟರ ತಪ್ಪು ಏನೂ ಇಲ್ಲ. ಐದು ದಿನ ಆದಮೇಲೆ ಅದೇ ಚೀಟಿ ತೋರಿಸಿ, ಆಮೇಲೆ ಚೀಟಿ ತೋರಿಸದೆ ಖಾಲಿ ಸ್ಟ್ರಿಪ್ ತೋರಿಸಿ, ನಾಲ್ಕು ತಿಂಗಳು ತೆಗೆದುಕೊಂಡಿದ್ದಾರೆ. ಚೀಟಿ ಇಲ್ಲದೆ ಕೊಡಬಾರದ ಮಾತ್ರೆ ಇದು. ಕೊಟ್ಟಿದ್ದಾರೆ.

ಯಾಕೆ ಬಿಡಲಿಲ್ಲ ಅಂದರೆ, ವಾಕರಿಕೆ ಜೊತೆ ಎದೆ ಢವಢವ ಅನ್ನೋದೂ ಕಡಿಮೆ ಆಯಿತಂತೆ. ಅದು ಸುಳ್ಳಲ್ಲ. ಈ ಮಾತ್ರೆ ಸ್ವಲ್ಪ ಮಂಪರು ತರುತ್ತದೆ, ಆತಂಕವನ್ನೂ ತಗ್ಗಿಸುತ್ತದೆ. ಅಮೆರಿಕದಲ್ಲಿ ಆತಂಕಕ್ಕೆ ಅಂತಲೇ ಇದಕ್ಕೆ ಅನುಮತಿ ಇದೆ. ಆದರೆ ಮೊದಲ ಆಯ್ಕೆಯಾಗಿ ಅಲ್ಲ, ದಿನಕ್ಕೆ 20 ಮಿಲಿಗ್ರಾಂ ದಾಟಬಾರದು, 12 ವಾರ ಮೀರಬಾರದು. ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ ಜಾಸ್ತಿ ದಿನ ತಗೊಂಡರೆ ತುಟಿ, ನಾಲಿಗೆ, ದವಡೆ ತಾನಾಗೇ ಆಡುವ ತೊಂದರೆ ಬರಬಹುದು. ಅದು ಕೆಲವರಲ್ಲಿ ಮಾತ್ರೆ ಬಿಟ್ಟಮೇಲೂ ಉಳಿದುಬಿಡುತ್ತದೆ.

ಸರೋಜ ದಿನಕ್ಕೆ ಐದು ನುಂಗುತ್ತಿದ್ದರು. ಲೆಕ್ಕ ಹಾಕಿ. 25 ಮಿಲಿಗ್ರಾಂ, 16 ವಾರ.

ಐದು ಯಾಕಾಯಿತು ಅಂದರೆ, ಅಲ್ಲೇ ಇರೋದು ಕಥೆ. ಡಿಸೆಂಬರ್ ಹೊತ್ತಿಗೆ ಅವರಿಗೆ ಒಂದು ಕಡೆ ಕೂರೋಕೆ ಆಗುತ್ತಿರಲಿಲ್ಲ. "ಕಾಲೊಳಗೆ ಇರುವೆ ಬಿಟ್ಟ ಹಾಗೆ ಮೇಡಂ, ನಡೆದ್ರೆ ಸ್ವಲ್ಪ ಪರವಾಗಿಲ್ಲ." ರಾತ್ರಿ ಅಂಗಳದಲ್ಲಿ ಓಡಾಡೋದು, ಅಣ್ಣನ ಮಗನ ಮದುವೆಯಲ್ಲಿ ಧಾರೆಗೂ ಕೂರದೆ ಛತ್ರದ ಹಿಂದೆ ಸುತ್ತೋದು. ಮನೆಯವರು ಗಾಬರಿ ಜಾಸ್ತಿ ಆಗಿದೆ ಅಂದುಕೊಂಡರು, ಸರೋಜ ಕೂಡ. ಗಾಬರಿ ಜಾಸ್ತಿ ಆದರೆ ಗಾಬರಿ ಮಾತ್ರೆ ಇನ್ನೊಂದು. ಇನ್ನೊಂದು ತಗೊಂಡರೆ ಚಡಪಡಿಕೆ ಇನ್ನೂ ಜಾಸ್ತಿ.

ಇದಕ್ಕೆ ವೈದ್ಯರು ಅಕಥೀಸಿಯಾ ಅನ್ನುತ್ತಾರೆ. ಡೋಪಮಿನ್ ತಡೆಯುವ ಮಾತ್ರೆಯಿಂದ ಬರುವ ಚಡಪಡಿಕೆ. ನೋಡೋಕೆ ಥೇಟ್ ಆತಂಕದ ಹಾಗೇ ಇರುತ್ತದೆ, ನನ್ನಂಥವರೂ ಮೋಸ ಹೋಗಿದ್ದೇವೆ. ನಾನು ಒಂದು ವ್ಯತ್ಯಾಸ ಕೇಳಿ ನೋಡುತ್ತೇನೆ. ಆತಂಕದವರು ಏನೋ ಆಗಿಬಿಡುತ್ತೆ ಅಂತ ಹೇಳುತ್ತಾರೆ, ಏನಾಗುತ್ತೆ ಅಂತಲೂ ಹೇಳುತ್ತಾರೆ. ಇವರು ಏನೂ ಯೋಚನೆ ಇಲ್ಲ, ಕಾಲು ಬಿಡ್ತಿಲ್ಲ ಅನ್ನುತ್ತಾರೆ. ಇದರಿಂದ ರೋಗ ಹೇಳೋಕೆ ಆಗಲ್ಲ, ಅನುಮಾನ ಪಡೋಕೆ ಸಾಕು.

"ಬೇರೆ ಏನು ಮಾತ್ರೆ ಇದೆ? ಗ್ಯಾಸ್ಟ್ರಿಕ್‌ದೂ ಸೇರಿಸಿ ಎಲ್ಲ ತೆಗೀರಿ" ಅಂದೆ. ಬ್ಯಾಗಿನ ತಳದಲ್ಲಿ ಒಂದು ಗ್ಯಾಸ್ ಕ್ಯಾಪ್ಸೂಲ್ ಸಿಕ್ಕಿತು. ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್. ಎರಡನೆಯದು ಕೂಡ ಅದೇ ಜಾತಿ! ಹೊಟ್ಟೆ ಉಬ್ಬರಕ್ಕೆ ಅಂತ ನಮ್ಮಲ್ಲಿ ಧಾರಾಳವಾಗಿ ಕೊಡುವ, ಡೋಪಮಿನ್ ತಡೆಯುವ ಇನ್ನೊಂದು ಮಾತ್ರೆ. ಅದನ್ನೂ ಪಕ್ಕದ ಮನೆಯವರು ಹೇಳಿದರು ಅಂತ ತಗೊಂಡಿದ್ದು. ಆಗ ಮಗಳನ್ನೂ ಅತ್ತೆಯನ್ನೂ ಹೊರಗೆ ಕೂರಿಸಿ ಮುಟ್ಟಿನ ಬಗ್ಗೆ ಕೇಳಿದೆ. ಮೂರು ತಿಂಗಳಿಂದ ಆಗಿಲ್ಲ, ನಲವತ್ತನಾಲ್ಕಾಯ್ತಲ್ಲ, ನಿಲ್ತಿರಬೇಕು ಅಂತ ಸುಮ್ಮನಿದ್ದರಂತೆ. ಡೋಪಮಿನ್ ತಡೆದರೆ ಎದೆಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಏರುತ್ತದೆ, ಏರಿದರೆ ಮುಟ್ಟು ನಿಲ್ಲಬಹುದು, ಕೆಲವರಿಗೆ ಹಾಲೂ ಒಸರುತ್ತದೆ. ವಾಂತಿ ಮಾತ್ರೆಗೂ ಮುಟ್ಟಿಗೂ ಸಂಬಂಧ ಇದೆ ಅಂತ ಯಾರು ಯೋಚನೆ ಮಾಡುತ್ತಾರೆ ಹೇಳಿ.

ಆ ದಿನ ನಾನು ಕೊಟ್ಟ ಸಲಹೆ ಸಣ್ಣದು. ಇವತ್ತೇ ಮನೋವೈದ್ಯರನ್ನು ನೋಡಿ. ಎರಡೂ ಸ್ಟ್ರಿಪ್, ಹಳೇ ಚೀಟಿ ಒಯ್ಯಿರಿ. ದಿನಕ್ಕೆ ಎಷ್ಟು ಅಂತ ನಿಜ ಹೇಳಿ, ನಾಚಿಕೆ ಬೇಡ. ನೀವಾಗೇ ಒಂದೇ ಸಲ ನಿಲ್ಲಿಸಬೇಡಿ, ಇಷ್ಟು ದಿನ ತಗೊಂಡವರಿಗೆ ಧಡಕ್ಕನೆ ನಿಲ್ಲಿಸಿದರೆ ವಾಕರಿಕೆ, ನಿದ್ದೆಗೇಡು ವಾಪಸ್ ಬರಬಹುದು. ಕತ್ತು ಒಂದು ಕಡೆ ತಿರುಚಿಕೊಂಡರೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡರೆ, ಅಥವಾ ಜೋರು ಜ್ವರದ ಜೊತೆ ಮೈ ಸೆಟೆದು ಮಾತು ತೊದಲಿದರೆ ನನಗೆ ಫೋನ್ ಮಾಡುತ್ತಾ ಕೂರಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಕತ್ತು ತಿರುಚೋದು ದೇವರು ಬಂದಿದ್ದೂ ಅಲ್ಲ, ಗಾಳಿ ಸೋಕಿದ್ದೂ ಅಲ್ಲ, ಸಾಮಾನ್ಯವಾಗಿ ಒಂದು ಇಂಜೆಕ್ಷನ್‌ಗೆ ಬೇಗ ಸರಿಹೋಗುತ್ತದೆ.

ಇಲ್ಲಿ ಒಂದು ಮಾತು. ನಿಮ್ಮ ಮನೆಯಲ್ಲಿ ಯಾರಾದರೂ ಮಾನಸಿಕ ಕಾಯಿಲೆಗೆ ಇಂಥ ಮಾತ್ರೆ ತಗೊಳ್ಳುತ್ತಿದ್ದರೆ, ಇದನ್ನು ಓದಿ ನಿಲ್ಲಿಸಿಬಿಡಬೇಡಿ, ದಯವಿಟ್ಟು. ಅವರಿಗೆ ಅದು ಬೇಕು. ತೊಂದರೆ ಕಂಡರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಮನೋವೈದ್ಯರು ಅಕಥೀಸಿಯಾ ಅಂತಲೇ ಹೇಳಿದರು. ಗ್ಯಾಸ್ ಕ್ಯಾಪ್ಸೂಲ್ ನಿಲ್ಲಿಸಿದರು, ಇನ್ನೊಂದನ್ನು ಹಂತಹಂತವಾಗಿ ಇಳಿಸಿದರು, ಚಡಪಡಿಕೆಗೆ ಸ್ವಲ್ಪ ದಿನ ಪ್ರೊಪ್ರನೊಲಾಲ್ ಕೊಟ್ಟರು. ಪ್ರೊಲ್ಯಾಕ್ಟಿನ್ ಟೆಸ್ಟ್ ಮಾಡಿಸಿದರು, ಏರಿತ್ತು. ಆತಂಕಕ್ಕೆ ಎಸಿಟಾಲೊಪ್ರಾಮ್ ಶುರುವಾಯಿತು. ತಮಾಷೆ ನೋಡಿ, ಆ ಮಾತ್ರೆ ಮೊದಲ ಒಂದೆರಡು ವಾರ ತಾನೇ ವಾಕರಿಕೆ ತರಬಹುದು. ಅದನ್ನು ಮೊದಲೇ ಹೇಳಿಟ್ಟಿದ್ದರಿಂದ ಸರೋಜ ತಡೆದುಕೊಂಡರು, ಇಲ್ಲದಿದ್ದರೆ ಮತ್ತೆ ಮೆಡಿಕಲ್ ಬಾಗಿಲಿಗೆ ಹೋಗುತ್ತಿದ್ದರು.

ಇನ್ನು ನನ್ನ ಪಾಲಿನ ಕೆಲಸ. ಎಲ್ಲರೂ ವಾಕರಿಕೆ ಯಾವಾಗ ಬರುತ್ತೆ ಅಂತ ಕೇಳಿದ್ದರು, ನಾನು ಯಾವಾಗ ಬರಲ್ಲ ಅಂತ ಕೇಳಿದೆ. ತುಂಬ ಹೊತ್ತು ಯೋಚಿಸಿ ಹೇಳಿದರು, ಭಾನುವಾರ.

ಭಾನುವಾರ ಗಂಡ ಮನೆಯಲ್ಲಿರುತ್ತಾರೆ. ಉಳಿದ ದಿನ ಆರು ಗಂಟೆಗೆ, ಮಂಜು ಇನ್ನೂ ಹರಿಯದ ಹೊತ್ತಲ್ಲಿ, ಬೈಕ್ ಹತ್ತಿ ಎಸ್ಟೇಟಿಗೆ ಹೊರಡುತ್ತಾರೆ. ಅಲ್ಲಿ ರೈಟರ್ ಕೆಲಸ, ಅಂದರೆ ಕೂಲಿಯವರ ಹಾಜರಿ, ಲೆಕ್ಕ ನೋಡೋದು. ಹಿಂದಿನ ವರ್ಷ ಪಕ್ಕದ ತೋಟದಲ್ಲಿ ಕೆಲಸಕ್ಕೆ ಹೊರಟವರೊಬ್ಬರನ್ನು ಆನೆ ತುಳಿದಿತ್ತು. ಸರೋಜ ಹೋಗಿ ನೋಡಿದ್ದರು. ಅದಾದಮೇಲೆ ಗಂಡನ ಬೈಕ್ ಸದ್ದು ತಿರುವಿನಲ್ಲಿ ನಿಂತ ತಕ್ಷಣ ಹೊಟ್ಟೆ ತೊಳಸೋದು ಶುರು. ಆನೆ ಇದೆ ಎಚ್ಚರ ಅಂತ ಫೋನಿಗೆ ಮೆಸೇಜ್ ಬಂದರಂತೂ ಬಚ್ಚಲಿಗೆ ಓಟ. ಡಾಕ್ಟರ ಹತ್ತಿರ ಇದೆಲ್ಲ ಹೇಳಿರಲಿಲ್ಲ. "ಪಿತ್ತ ಅಂದೆ. ಆನೆಗೆ ಹೆದರಿ ವಾಂತಿ ಬರುತ್ತೆ ಅಂದ್ರೆ ನಗಲ್ವಾ?"

ನಾನು ನಗಲಿಲ್ಲ. ಸಕಲೇಶಪುರ, ಆಲೂರು ಕಡೆ ಆನೆಗೆ ಹೆದರೋದು ಕಾಯಿಲೆ ಅಲ್ಲ. ಹಾಗಾಗಿ ಹೆದರಬೇಡಿ ಅಂತ ಹೇಳಲೇ ಇಲ್ಲ. ಮುಂದಿನ ಸಲ ಗಂಡನನ್ನೂ ಕರೆಸಿದೆ. ಬೆಳಕು ಪೂರ್ತಿ ಹರಿದ ಮೇಲೆ ಹೊರಡೋದು, ಹೊರಡೋ ಮುಂಚೆ ಮೆಸೇಜ್ ನೋಡೋದು, ಹತ್ತಿರದಲ್ಲಿ ಆನೆ ಇದೆ ಅಂದ ದಿನ ಬೈಕ್ ಬಿಟ್ಟು ಎಸ್ಟೇಟ್ ಜೀಪಿಗೆ ಕಾಯೋದು, ತಲುಪಿದ ಮೇಲೆ ಒಂದೇ ಒಂದು ಫೋನ್. ಅಲ್ಲಿಯವರೆಗೆ ಸರೋಜ ಹತ್ತು ನಿಮಿಷಕ್ಕೊಂದು ಸಲ ಫೋನ್ ಮಾಡುತ್ತಿದ್ದರು, ಬೈಕ್ ಓಡಿಸುವವರು ಎತ್ತದಿದ್ದರೆ ಇನ್ನಷ್ಟು ಗಾಬರಿ. ಅದನ್ನು ನಿಲ್ಲಿಸೋದೇ ಕಷ್ಟದ ಕೆಲಸವಾಯಿತು, ಮೂರು ವಾರ ಹಿಡಿಯಿತು. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಆರು ಎಣಿಕೆ. ಇದನ್ನು ಗಾಬರಿ ಇಲ್ಲದಾಗ, ರೊಟ್ಟಿ ತಟ್ಟುವಾಗ, ಕಲಿಸಿದೆ. ಹೊಟ್ಟೆ ತೊಳಸಿದರೆ ತಕ್ಷಣ ಬಚ್ಚಲಿಗೆ ಓಡದೆ ಐದು ನಿಮಿಷ ಅಲ್ಲೇ ನಿಂತು ನೋಡಿ ಅಂದೆ. ಮತ್ತೆ ಕಾಫಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಲೋಟ ಬೆಲ್ಲದ ಕಾಫಿ ಇಳಿಸುತ್ತಿದ್ದರು. ಕಾಫಿ ಸೀಮೆಯವರಿಗೆ ಕಾಫಿ ಬಿಡಿ ಅಂದರೆ ನನ್ನನ್ನೇ ಬಿಡುತ್ತಾರೆ, ಆದ್ದರಿಂದ ತಿಂಡಿ ಆದಮೇಲೆ ಒಂದು ಲೋಟ ಅಂತ ರಾಜಿ ಆಯಿತು.

ರಾತ್ರಿ ಹೊತ್ತು ಚಡಪಡಿಕೆ ತಡೆಯೋಕೆ ಆಗದಿದ್ದರೆ ಅಂತ ಟೆಲಿ ಮಾನಸ್ ನಂಬರ್ 14416 ಅನ್ನು ಮಗಳ ಫೋನಿನಲ್ಲಿ ಹಾಕಿಸಿದೆ. 2022ರಿಂದ ಇರುವ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಎರಡು ಸಲ ಬಳಸಿದರಂತೆ.

ಏಪ್ರಿಲ್ ಕೊನೆಗೆ ಕಾಲಿನ ಇರುವೆ ಹೋಯಿತು. ಮುಟ್ಟು ಬಂತು. ಜೂನ್‌ನಲ್ಲಿ ಫೋನ್ ಮಾಡಿದ್ದರು, ಹಿಂದಿನ ರಾತ್ರಿ ಮನೆ ಹಿಂದಿನ ಕೆರೆಗೆ ಎರಡು ಆನೆ ಬಂದು ಹೋಗಿತ್ತಂತೆ.

"ಹೊಟ್ಟೆ ತೊಳಸ್ತು ಮೇಡಂ. ವಾಂತಿ ಆಗಲಿಲ್ಲ. ಮನೇಲಿ ಎಲ್ಲರಿಗೂ ತೊಳಸ್ತು ಬಿಡಿ, ಅತ್ತೆಗೆ ನನಗಿಂತ ಜಾಸ್ತಿ. ಒಂದು ಮಾತ್ರೆ ಕೊಡೇ ಅಂತ ನನ್ನ ಹತ್ರ ಬಂದಿದ್ರು."

"ಕೊಟ್ರಾ?"

"ಚೀಟಿ ಎಲ್ಲಿ ಅಂತ ಕೇಳಿದೆ."