ಬೆಳಿಗ್ಗೆ 62 ಸಾವಿರ, ಮಧ್ಯಾಹ್ನ 1.18 ಲಕ್ಷ

ಪ್ರಶ್ನೆ: ನಾನು ಸಿಂದಗಿಯಲ್ಲಿ ಸಣ್ಣ ಲ್ಯಾಬ್ ನಡೆಸುತ್ತೇನೆ. ನಾನು, ಜೊತೆಗೊಬ್ಬ ಹುಡುಗ, ಇಷ್ಟೇ. ಸಾಲ ಮಾಡಿ ರಕ್ತಕಣ ಎಣಿಸುವ ಸೆಲ್ ಕೌಂಟರ್ ತಗೊಂಡು ಎಂಟು ತಿಂಗಳಾಯಿತು, ವಾರಂಟಿ ಇದೆ. ಬೆಳಿಗ್ಗೆ ಚೆನ್ನಾಗಿರುತ್ತದೆ. 11 ದಾಟಿದ ಮೇಲೆ ಪ್ಲೇಟ್‌ಲೆಟ್ ಲೆಕ್ಕ ಬಾಯಿಗೆ ಬಂದಂತೆ ಬರುತ್ತದೆ. ಹೋದ ವಾರ ಜ್ವರ ಬಂದ ಹುಡುಗನೊಬ್ಬನ ಸ್ಯಾಂಪಲ್ ಬೆಳಿಗ್ಗೆ 62 ಸಾವಿರ ತೋರಿಸಿತು, ಯಾಕೋ ಸಂಶಯ ಬಂದು ಮಧ್ಯಾಹ್ನ ಅದೇ ಟ್ಯೂಬ್ ಹಾಕಿದರೆ 1.18 ಲಕ್ಷ! ಕಂಪನಿಗೆ ಫೋನ್ ಮಾಡಿದರೆ ‘ಕಂಪ್ಲೇಂಟ್ ಬುಕ್ ಆಗಿದೆ ಸರ್’ ಅನ್ನುತ್ತಾರೆ, ಆಮೇಲೆ ನಾಲ್ಕೈದು ದಿನ ಸುದ್ದಿ ಇಲ್ಲ. ಎಂಜಿನಿಯರ್ ಮೂರು ಸಲ ಬಂದರು. ಮೂರೂ ಸಲ ಬೆಳಿಗ್ಗೆ 9ಕ್ಕೆ ಬಂದು, ಏನೋ ತೊಳೆದು, ‘ಮಷೀನ್ ಓಕೆ, ನಿಮ್ಮ ಕರೆಂಟೇ ಸರಿ ಇಲ್ಲ’ ಅಂದು ಪಕ್ಕದ ವೆಲ್ಡಿಂಗ್ ಅಂಗಡಿ ತೋರಿಸಿ, ಸಹಿ ಹಾಕಿಸಿಕೊಂಡು ಹತ್ತಕ್ಕೆ ಹೊರಟರು. ಏನು ಮಾಡಲಿ ಸರ್?
— ಹೆಸರು ಬೇಡ ಎಂದಿರುವ ಓದುಗರು, ಸಿಂದಗಿ

ಉತ್ತರ: ನೋಡ್ರಿ, ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಲೆಕ್ಕ ಕೆಡುವುದು 11ರ ಮೇಲೆ, ಎಂಜಿನಿಯರ್ ಹೋಗುವುದು ಹತ್ತಕ್ಕೆ. ವೆಲ್ಡಿಂಗ್ ಅಂಗಡಿಯ ಶಟರ್ ಎಷ್ಟು ಗಂಟೆಗೆ ಏಳುತ್ತದೆ, ಗಮನಿಸಿದ್ದೀರಾ?

ಮಷೀನಿನ ಜಗಳ ಆಮೇಲೆ. ಮೊದಲು ರೋಗಿ. ಡೆಂಗಿ ಸಂಶಯ ಇರುವವರಿಗೆ ಪ್ಲೇಟ್‌ಲೆಟ್ ಕಡಿಮೆ ತೋರಿಸಿದರೆ ಮನೆಯವರು ಗಾಬರಿಯಾಗಿ ಜೀಪ್ ಮಾಡಿಕೊಂಡು ವಿಜಯಪುರಕ್ಕೆ ಓಡುತ್ತಾರೆ, ಖರ್ಚಾದರೂ ಜೀವಕ್ಕೆ ತೊಂದರೆ ಇಲ್ಲ. ಜಾಸ್ತಿ ತೋರಿಸಿದರೆ ‘ಏನಿಲ್ಲ ಬಿಡಿ’ ಅಂತ ಮನೆಯಲ್ಲೇ ಮಲಗಿಸುತ್ತಾರೆ. ನನಗೆ ಭಯ ಇರುವುದು ಆ 1.18 ಲಕ್ಷದ ಬಗ್ಗೆ. ಹಾಗಾಗಿ ಇದು ಸರಿಹೋಗುವ ತನಕ ಮಷೀನಿನ ಪ್ಲೇಟ್‌ಲೆಟ್ ಸಂಖ್ಯೆಯನ್ನು ಹಾಗೇ ರಿಪೋರ್ಟಿಗೆ ಹಾಕಬೇಡಿ. ರಕ್ತವನ್ನು ಗಾಜಿನ ಮೇಲೆ ತೆಳುವಾಗಿ ಸವರಿ ಸ್ಮಿಯರ್ ಮಾಡಿ, ಲೀಶ್ಮನ್ ಸ್ಟೇನ್ ಅನ್ನುವ ಬಣ್ಣ ಹಾಕಿ, ಮೈಕ್ರೋಸ್ಕೋಪಿನ ಆಯಿಲ್ ಇಮ್ಮರ್ಶನ್‌ನಲ್ಲಿ ಹತ್ತು ಫೀಲ್ಡ್‌ಗಳ ಪ್ಲೇಟ್‌ಲೆಟ್ ಎಣಿಸಿ. ಸರಾಸರಿಯನ್ನು 15,000ದಿಂದ ಗುಣಿಸಿದರೆ ಅಂದಾಜು ಸಿಗುತ್ತದೆ. ನಾಲ್ಕು ಬಂತೆಂದರೆ 60 ಸಾವಿರದ ಆಸುಪಾಸು. ಪ್ಲೇಟ್‌ಲೆಟ್ ಗುಂಪುಗಟ್ಟಿವೆಯಾ ಅಂತಲೂ ಅಲ್ಲೇ ಗೊತ್ತಾಗುತ್ತದೆ. ರಾತ್ರಿ ಎಂಟಕ್ಕೆ ಕಣ್ಣು ನೋಯುತ್ತದೆ, ಗೊತ್ತು. ಆದರೂ ಮಾಡಿ.

ಇನ್ನು ಮಷೀನು. ನಿಮ್ಮ ಸೆಲ್ ಕೌಂಟರ್ ಒಳಗೆ ಕೂದಲೆಳೆಯ ದಪ್ಪದಷ್ಟು ಸಣ್ಣ ತೂತಿದೆ, ಅದೇ ಅಪರ್ಚರ್. ಒಂದೊಂದು ಕಣ ದಾಟಿದಾಗಲೂ ಅಲ್ಲಿ ಕರೆಂಟಿಗೆ ಸ್ವಲ್ಪ ಅಡ್ಡಿಯಾಗಿ ಒಂದು ಮಿಡಿತ ಹುಟ್ಟುತ್ತದೆ, ಮಷೀನ್ ಎಣಿಸುವುದು ಆ ಮಿಡಿತಗಳನ್ನು. ಅಮೆರಿಕದ ಎಂಜಿನಿಯರ್ ವಾಲೆಸ್ ಕೂಲ್ಟರ್ ಇದಕ್ಕೆ ಪೇಟೆಂಟ್ ಪಡೆದದ್ದು 1953ರಲ್ಲಿ, ಇವತ್ತಿಗೂ ಸಣ್ಣ ಮಷೀನುಗಳಲ್ಲಿ ಅದೇ ಲೆಕ್ಕಾಚಾರ. ದೊಡ್ಡ ಮಿಡಿತ ಕೆಂಪು ಕಣ, ಚಿಕ್ಕದು ಪ್ಲೇಟ್‌ಲೆಟ್. ಅರ್ಥಿಂಗ್ ಸರಿ ಇಲ್ಲದೆ ಕರೆಂಟಿನಲ್ಲಿ ಕರಕರ ಬಂದರೆ ಆ ಪುಟ್ಟ ಸದ್ದನ್ನೂ ಅದು ಪ್ಲೇಟ್‌ಲೆಟ್ ಅಂತಲೇ ಎಣಿಸಿಬಿಡುತ್ತದೆ. ಹಳೇ ಡೈಲ್ಯೂಯೆಂಟ್ (ರಕ್ತ ತೆಳುವಾಗಿಸುವ ದ್ರವ), ಒಳಗಿನ ಗುಳ್ಳೆ, ಕೊಳೆ ಇದ್ದರೂ ಹೀಗೇ ಆಗುತ್ತದೆ. ಆದರೆ ಕೊಳೆ ಗಡಿಯಾರ ನೋಡಿ ಬರುವುದಿಲ್ಲ, ಅಲ್ವಾ?

ಆದ್ದರಿಂದ ಒಂದು ಪರೀಕ್ಷೆ ಮಾಡಿ. ಬೆಳಿಗ್ಗೆ 9ಕ್ಕೆ ರಕ್ತ ಹಾಕದೆ ಬ್ಯಾಕ್‌ಗ್ರೌಂಡ್ ಓಡಿಸಿ ಪ್ರಿಂಟ್ ತೆಗೆಯಿರಿ. ವೆಲ್ಡಿಂಗ್ ನಡೆಯುವಾಗ ಮತ್ತೊಂದು. ಕೂಡಲೇ ಯುಪಿಎಸ್‌ನ ಮೇನ್ಸ್ ಸ್ವಿಚ್ ಆಫ್ ಮಾಡಿ, ಬ್ಯಾಟರಿ ಮೇಲೆ ಮೂರನೆಯದು. ಪ್ಲೇಟ್‌ಲೆಟ್ ಸಂಖ್ಯೆ ಎರಡನೆಯದರಲ್ಲಿ ಏರಿ ಮೂರನೆಯದರಲ್ಲಿ ಇಳಿದರೆ ಎಂಜಿನಿಯರ್ ಹೇಳಿದ್ದು ಬಹುಮಟ್ಟಿಗೆ ನಿಜ. ಆಗ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್-ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ, ಎರಡು ಮೂರು ವೋಲ್ಟ್‌ಗಿಂತ ಜಾಸ್ತಿ ಇದ್ದರೆ ಲ್ಯಾಬಿಗೇ ಬೇರೆ ಅರ್ಥಿಂಗ್ ಗುಂಡಿ ತೋಡಿಸಿ. ಬೇಸಿಗೆಯಲ್ಲಿ ನಮ್ಮ ಎರೆಮಣ್ಣು ಬಿರುಕು ಬಿಡುತ್ತದಲ್ಲ, ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. ಮೂರೂ ಏರಿಯೇ ಇದ್ದರೆ ಕರೆಂಟಿನ ನೆಪ ಸಾಕು, ಮಷೀನ್ ಬಿಚ್ಚಿ ಅನ್ನಿ.

ಕಂಪನಿಯವರು ಪೂರಾ ಸಾಚಾ ಅಂತ ಹೇಳುತ್ತಿಲ್ಲ. ಮಷೀನ್ ಕೂಡಿಸುವ ದಿನವೇ ಅರ್ಥಿಂಗ್ ಅಳೆದು ನೋಡಬೇಕಿತ್ತು, ಅದು ಅವರ ಕೆಲಸ. ನಿಮ್ಮ ತಪ್ಪೂ ಒಂದಿದೆ, ಆ ಸಹಿ. ಹಳೇ ಮಾತು, ಬೆಳಗಾವಿಯ ಒಂದು ಲ್ಯಾಬಿನಲ್ಲಿ ನಾನೂ ಹೀಗೇ ಐದು ಸಲ ಸರ್ವಿಸ್ ರಿಪೋರ್ಟಿಗೆ ಸುಮ್ನೆ ಸಹಿ ಹಾಕಿದ್ದೆ. ಮೇಲಿನವರಿಗೆ ದೂರು ಹೋದಾಗ ಕಂಪನಿಯವರು ಆ ಐದೂ ಹಳದಿ ಕಾರ್ಬನ್ ಪ್ರತಿಗಳನ್ನು ಮೇಜಿನ ಮೇಲೆ ಹರಡಿದರು. ಎಲ್ಲದರಲ್ಲೂ ‘ಯಂತ್ರ ತೃಪ್ತಿಕರವಾಗಿದೆ’, ಕೆಳಗೆ ನನ್ನದೇ ದುಂಡು ಅಕ್ಷರ. ನಾನೇನು ಮಾತಾಡಲಿ?

ಮುಂದಿನ ಸಲ ಎಂಜಿನಿಯರಿಗೆ ಚಹಾ ಕೊಡಿ, ಊಟಕ್ಕೂ ಇರಿಸಿಕೊಳ್ಳಿ, 12ರ ತನಕ ಬಿಡಬೇಡಿ. ಅವರ ಕಣ್ಣೆದುರೇ ಬ್ಯಾಕ್‌ಗ್ರೌಂಡ್, ಕಂಟ್ರೋಲ್ (ಲೆಕ್ಕ ಮೊದಲೇ ಗೊತ್ತಿರುವ ಸ್ಯಾಂಪಲ್) ಎರಡೂ ಓಡಿಸಿ. ಸಹಿಯ ಮೇಲಿನ ಖಾಲಿ ಜಾಗದಲ್ಲಿ ‘ಮಧ್ಯಾಹ್ನ 12ಕ್ಕೆ ದೋಷ ಹಾಗೇ ಇದೆ’ ಅಂತ ಬರೆದು, ಆಮೇಲೆ ಸಹಿ ಹಾಕಿ ಫೋಟೊ ತೆಗೆದಿಡಿ. ಫೋನ್ ಬಿಟ್ಟು ಇಮೇಲ್ ಮಾಡಿ.

ಅಷ್ಟಾದರೂ ಜಗ್ಗದಿದ್ದರೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿ ಎಲ್ಲೇ ಇರಲಿ, ನೀವು ಇರುವ ಜಿಲ್ಲೆಯಲ್ಲೇ, ಅಂದರೆ ವಿಜಯಪುರದಲ್ಲೇ ದೂರು ಕೊಡಬಹುದು. ಎರಡು ವರ್ಷದೊಳಗೆ ಕೊಡಬೇಕು. ‘ವ್ಯಾಪಾರಕ್ಕೆ ಕೊಂಡ ಮಷೀನು, ಇವರು ಗ್ರಾಹಕರೇ ಅಲ್ಲ’ ಅಂತ ಆ ಕಡೆಯ ವಕೀಲರು ಖಂಡಿತ ಎತ್ತುತ್ತಾರೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಕೊಂಡವರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ನೀವೇ ಕೂತು ಕೆಲಸ ಮಾಡುತ್ತೀರಿ, ಸಾಲದ ಕಾಗದ ಇದೆ. ಅದನ್ನು ಜೋಪಾನವಾಗಿಡಿ.

ಪ್ರಶ್ನೆ: ವಾರಂಟಿ ಮುಗಿಯುತ್ತಿದೆ. ಎಎಂಸಿ (ವಾರ್ಷಿಕ ನಿರ್ವಹಣಾ ಒಪ್ಪಂದ) ಅಗ್ಗ, ಸಿಎಂಸಿ (ಸಮಗ್ರ ನಿರ್ವಹಣಾ ಒಪ್ಪಂದ) ತುಂಬಾ ದುಬಾರಿ. ಯಾವುದು ಮಾಡಿಸಲಿ?
— ಓದುಗರು, ಬಾಗಲಕೋಟೆ

ಉತ್ತರ: ಸಾಮಾನ್ಯವಾಗಿ ಎಎಂಸಿ ಅಂದರೆ ಬಂದು ನೋಡುವ ಕೂಲಿ ಮಾತ್ರ, ಬಿಡಿಭಾಗದ ದುಡ್ಡು ನಿಮ್ಮದೇ. ಸಿಎಂಸಿಯಲ್ಲಿ ಬಿಡಿಭಾಗವೂ ಸೇರುತ್ತದೆ, ಆದರೆ ಲ್ಯಾಂಪು, ಟ್ಯೂಬಿಂಗ್ ಇಂಥವನ್ನು ಸಣ್ಣ ಅಕ್ಷರದಲ್ಲಿ ಹೊರಗಿಟ್ಟಿರುತ್ತಾರೆ, ಓದಿ. ಬೋರ್ಡು, ಪಂಪು ದುಬಾರಿ ಇರುವ ಮಷೀನಿಗೆ ನಾನು ಸಿಎಂಸಿ ಅನ್ನುತ್ತೇನೆ. ಯಾವುದೇ ಮಾಡಿಸಿ, ದೂರು ಕೊಟ್ಟ ಎಷ್ಟು ತಾಸಿನಲ್ಲಿ ಬರುತ್ತೀರಿ, ಬಾರದಿದ್ದರೆ ಎಷ್ಟು ಕಡಿತ ಅನ್ನುವ ಸಾಲನ್ನು ಒಪ್ಪಂದದಲ್ಲಿ ಬರೆಸಿಯೇ ಚೆಕ್ ಕೊಡಿ.