ಫ್ರೆಂಚೋ ಸ್ಪ್ಯಾನಿಷೋ: ಬಾಗಲಕೋಟಿ ತಂಗಿಗೆ

ತಂಗೀ, ನೀ ಬರದದ್ದು ಓದಿದೆ. ನಾ ಈಗ ಅಮೆರಿಕಾದ ಹ್ಯೂಸ್ಟನ್ನಿಂದ ರಜಾಕ್ಕ ಬೆಳಗಾವಿಗೆ ಬಂದೇನಿ, ಶಹಾಪುರದಾಗ ಅವ್ವನ ಮನ್ಯಾಗ ಕುಂತೇನಿ. ನೀ ಅಲ್ಲೆ ನವನಗರದಾಗ ಬ್ಯಾಗ್ ತುಂಬಾಕತ್ತೀದಿ, ನಾ ಇಲ್ಲೆ ಬಿಚ್ಚಾಕತ್ತೇನಿ. ಜುಲೈದಾಗ ಹ್ಯೂಸ್ಟನ್ನಿಗೆ ಹೊಂಟೀರಿ, ಮಗಳು ಒಂಬತ್ತನೇತ್ತಕ್ಕ ಸೇರ್ತಾಳ, ಫ್ರೆಂಚ್ ಬೇಕೋ ಸ್ಪ್ಯಾನಿಷ್ ಬೇಕೋ ಅಂತ ಸಾಲಿಯವ್ರು ಕೇಳ್ಯಾರ, ಬೆಂಗಳೂರಿನ ನಿಮ್ಮ ಭಾವನವ್ರು "ಫ್ರೆಂಚಿಗೆ ಕಿಮ್ಮತ್ತು ಜಾಸ್ತಿ" ಅಂದಾರ. ನನ್ನ ಕೇಳಿದ್ರ ಸ್ಪ್ಯಾನಿಷ್ ಕೊಡಸು. ಯಾಕ ಅನ್ನೋದು ಸ್ವಲ್ಪ ಉದ್ದನ ಕತಿ.

ನಾ ಎಸ್ಸೆಸ್ಸೆಲ್ಸಿಗೆ ಸಂಸ್ಕೃತ ತಗೊಂಡಿದ್ದೆ. ಭಕ್ತಿಗಲ್ಲ, ಮಾರ್ಕ್ಸಿಗೆ. ಪ್ರಥಮ ಭಾಷಾಕ್ಕ 125 ಮಾರ್ಕ್ಸು, ಸಂಸ್ಕೃತ ತಗೊಂಡವರಿಗೆ 120ರ ಮ್ಯಾಲ ಬರೂದು ನಮ್ಮ ಕಾಲಕ್ಕೂ ದೊಡ್ಡ ಮಾತಾಗಿರಲಿಲ್ಲ. ನನಗೂ ಬಂದ್ವು. ಇವತ್ತ ಯಾರರೆ ಸಂಸ್ಕೃತದಾಗ "ನಿನ್ನ ಮನಿ ಎಲ್ಲೆ" ಅಂತ ಕೇಳಿದ್ರ ಬಾಯಿ ಬಿಡೂದಷ್ಟ. ಆದ್ರ ಇವತ್ತ ಮುಂಜಾನಿ ಗಣಪತ್ ಗಲ್ಲಿಗೆ ಕಾಯಿಪಲ್ಲೆ ತರಾಕ ಹೋದಾಗ, ಇಪ್ಪತ್ತು ವರ್ಷ ಊರು ಬಿಟ್ಟರೂ, ಮೆಂತೆ ಸಿವುಡಿಗೆ ಮರಾಠಿ ತಾನಾಗೇ ಬಾಯಿಗೆ ಬಂತು. ಮರಾಠಿ ನನಗ ಯಾರೂ ಕಲಸಿಲ್ಲ, ಪರೀಕ್ಷಾ ಬರಸಿಲ್ಲ. ಗಲ್ಲಿ ಕಲಸ್ತು.

ಹ್ಯೂಸ್ಟನ್ನಿನಾಗ ಆ ಗಲ್ಲಿಯ ಭಾಷಾ ಸ್ಪ್ಯಾನಿಷ್. ಬೆಳಗಾವಿ 1956ರ ತನಕ ಮುಂಬಯಿ ರಾಜ್ಯದಾಗಿತ್ತಲಾ, ಹಂಗ ಟೆಕ್ಸಾಸ್ 1836ರ ತನಕ ಮೆಕ್ಸಿಕೋದಾಗಿತ್ತು. ಗಡಿ ಸರದ್ರೂ ಮಂದಿ ಬಾಯಾಗಿನ ಮಾತು ಅಲ್ಲೇ ಉಳೀತು. ಸ್ಯಾನ್ ಆಂಟೋನಿಯೋ, ಎಲ್ ಪಾಸೋ ಅಂತ ಊರಿನ ಹೆಸರೂ ಹಂಗ ಅದಾವ. ಇಡೀ ಅಮೆರಿಕಾದಾಗ ಮನ್ಯಾಗ ಸ್ಪ್ಯಾನಿಷ್ ಆಡೋರು 4 ಕೋಟಿಗೂ ಹೆಚ್ಚು. ನಮ್ಮಲ್ಲೆ ಫೋನ್ ಹಚ್ಚಿದ್ರ "ಕನ್ನಡಕ್ಕಾಗಿ ಒಂದನ್ನು ಒತ್ತಿರಿ" ಅಂತೈತಲಾ, ಅಲ್ಲೆ ಸ್ಪ್ಯಾನಿಷಿಗೆ ಎರಡು ಒತ್ತಬೇಕು. ದವಾಖಾನಿ, ಔಷಧ ಅಂಗಡಿ, ಮನಿ ಮಾಡು ರಿಪೇರಿ ಮಾಡೋರು, ಸಾಲಿಯ ಊಟದ ಖೋಲಿ, ಎಲ್ಲಾ ಕಡೆ ಕಿವಿಗೆ ಬೀಳ್ತೈತಿ.

ಇನ್ನ ನನ್ನ ತಪ್ಪು ಹೇಳ್ತೀನಿ. ದೊಡ್ಡ ಮಗನಿಗೆ ಫ್ರೆಂಚ್ ಕೊಡಿಸಿದವಳು ನಾನ. ಆವಾಗ ನನ್ನ ತಲ್ಯಾಗೂ ಅದೇ "ಕಿಮ್ಮತ್ತು" ಇತ್ತು. ಮೂರು ವರ್ಷ ಓದಿದ, ಎಲ್ಲಾದ್ರಾಗೂ ಎ. ಆಮ್ಯಾಲ ಕೆನಡಾದಾಗ ಫ್ರೆಂಚ್ ಆಡೋ ಊರು ಮಾಂಟ್ರಿಯಾಲ್ ನೋಡಾಕ ಹೋದಾಗ ಬೇಕರಿಯೊಳಗ ಇಂವ ಫ್ರೆಂಚಿನಾಗ ಒಂದು ವಾಕ್ಯ ಶುರು ಮಾಡಿದ, ಅಂಗಡಿಯಾಕಿ ನಕ್ಕು ಇಂಗ್ಲಿಷಿನಾಗ ಉತ್ತರ ಕೊಟ್ಟಳು. ಅಲ್ಲಿಗೆ ಮುಗೀತು. ನನ್ನ ಸಂಸ್ಕೃತ, ಅವನ ಫ್ರೆಂಚ್, ಎರಡೂ ಒಂದ ಟ್ರಂಕಿನಾಗ ಬಿದ್ದಾವ.

ಸಣ್ಣಾಕಿ ಸ್ಪ್ಯಾನಿಷ್ ತಗೊಂಡಳು. 2017ರ ಆಗಸ್ಟಿನಾಗ ಹಾರ್ವೆ ಚಂಡಮಾರುತ ಬಂದಾಗ ನಮ್ಮ ಮನಿಯೊಳಗೂ ನೀರು ಹೊಕ್ಕಿತ್ತು. ನೆನೆದ ಗ್ವಾಡಿ ಕಿತ್ತು ಹಾಕಾಕ ಬಂದ ನಾಕು ಮಂದಿಗೆ ಇಂಗ್ಲಿಷ್ ಅಷ್ಟಕ್ಕಷ್ಟ. ಆಕಿ ಆಗ ಹತ್ತನೇತ್ತ. ಅಡ್ಡಾದಿಡ್ಡಿ ವ್ಯಾಕರಣದಾಗ ಯಾವ ಗ್ವಾಡಿ ಬಿಡಬೇಕು, ಯಾವುದು ತಗೀಬೇಕು ಅಂತ ಹೇಳಿದಳು, ಆಮ್ಯಾಲ ಊಟ ಆತೇನ್ರಿ ಅಂತ ಕೇಳಿದಳು. ನಾ ಚಪಾತಿ, ಶೇಂಗಾ ಚಟ್ನಿ ಕೊಟ್ಟೆ. ಅವರು ಚಪಾತಿಗೆ ತೊರ್ತಿಯಾ ಅಂದ್ರು, ಶೇಂಗಾ ಚಟ್ನಿಗೆ ಏನೂ ಅನ್ನಲಿಲ್ಲ, ಡಬ್ಬಿ ಖಾಲಿ ಮಾಡಿದ್ರು. ಮೂರು ದಿನದಾಗ ಆಕಿ ಕಲಿತದ್ದು ಕ್ಲಾಸಿನ ಒಂದು ವರ್ಷಕ್ಕೂ ಹೆಚ್ಚು.

ಕಲಿಯಾಕ ನಮ್ಮ ಹುಡುಗರಿಗೆ ಸ್ಪ್ಯಾನಿಷ್ ಹಗರ. ಅ, ಎ, ಇ, ಒ, ಉ ಐದು ಸ್ವರ, ಬರದಂಗ ಓದೂದು. ತ, ದ ನಮ್ಮವೇ. ಅಮೆರಿಕನ್ ಹುಡುಗರು "ಟಾಕೋ" ಅಂದ್ರ ನಿನ್ನ ಮಗಳು ಸಲೀಸಾಗಿ "ತಾಕೋ" ಅಂತಾಳ. ಕ್ರಿಯಾಪದದ ಬಾಲದಾಗ ಯಾರು ಅನ್ನೋದು ಗೊತ್ತಾಗ್ತೈತಿ: ಆಬ್ಲೋ ಅಂದ್ರ ಮಾತಾಡ್ತೀನಿ, ಆಬ್ಲಾಸ್ ಅಂದ್ರ ಮಾತಾಡ್ತಿ. ನಾ, ನೀ ಅಂತ ಬ್ಯಾರೆ ಹೇಳಬೇಕಾಗಿಲ್ಲ, ಕನ್ನಡದಂಗ. ನನಗ ಭಾಳ ಸೇರಿದ್ದು "ಮೆ ಗುಸ್ತಾ". ಇಂಗ್ಲಿಷಿನಾಗ ಇಷ್ಟಪಡೋನು ಮುಂದ ಬಂದು ನಿಲ್ತಾನ. ಸ್ಪ್ಯಾನಿಷಿನಾಗ ನಮ್ಮಂಗ "ನನಗ ಸೇರತೈತಿ". ಹಿರಿಯರಿಗೆ ಉಸ್ತೆದ್, ಸರೀಕರಿಗೆ ತು, ನೀವು-ನೀನು ಇದ್ದಂಗ. ಅಷ್ಟ್ಯಾಕ, ನಾವು ಅನ್ನೋ "ಪಗಾರ" ಗೋವಾದ ಪೋರ್ಚುಗೀಸರಿಂದ ಘಟ್ಟ ಹತ್ತಿ ಬಂದ ಮಾತು. ಸ್ಪ್ಯಾನಿಷಿನಾಗೂ ರೊಕ್ಕ ಕೊಡೂದಕ್ಕ "ಪಗಾರ್" ಅಂತಾರ.

ತ್ರಾಸು ಲಿಂಗದ್ದು. ನಮಗ ಖುರ್ಚಿ, ಟೇಬಲ್ ಎಲ್ಲಾ "ಅದು". ಅಲ್ಲೆ ವಸ್ತುಗಳೂ ಗಂಡು ಹೆಣ್ಣು. ಮಗಳಿಗೆ ಮರಾಠಿ ಕಿವಿ ಇದ್ರ ಹೇಳು, ಖುರ್ಚಿ ಮರಾಠಿಯಾಗ ಹೆಂಗ ಹೆಣ್ಣೋ ಹಂಗ ಸ್ಪ್ಯಾನಿಷಿನಾಗೂ ಹೆಣ್ಣು, ಫ್ರೆಂಚಿನಾಗೂ ಹೆಣ್ಣು. ಫ್ರೆಂಚಿನಾಗ ಇದರ ಮ್ಯಾಲ ಇನ್ನೊಂದು: ಬರದ ಅಕ್ಷರದಾಗ ಕೊನೀವು ಎಷ್ಟೋ ಬಾಯಿಗೆ ಬರೂದಿಲ್ಲ. ನಾ ಮಾತಾಡ್ತೀನಿ, ನೀ ಮಾತಾಡ್ತಿ, ಅವರು ಮಾತಾಡ್ತಾರ, ಬರಿಯೂದು ಬ್ಯಾರೆ ಬ್ಯಾರೆ, ಕೇಳ್ಸೂದು ಎಲ್ಲಾ "ಪಾರ್ಲ್". ಎಂಬತ್ತಕ್ಕ "ನಾಕು ಇಪ್ಪತ್ತು" ಅಂತಾರ. ನಮ್ಮ ಮುತ್ತಜ್ಜಿ ಕುಳ್ಳು ಎಣಿಸೂದೂ ಹಿಂಗ ಇತ್ತು, ಅದಕ್ಕ ನನಗೇನೋ ಖುಷಿ ಆತು, ಮಗ ಮಾತ್ರ ಬೈದ.

ಈಗ ಲೆಕ್ಕದ ಮಾತು. ಟೆಕ್ಸಾಸಿನಾಗ ಹೈಸ್ಕೂಲ್ ಮುಗಸಾಕ ಒಂದ ಭಾಷಾದ್ದ 2 ಕ್ರೆಡಿಟ್ ಬೇಕು, ಅಂದ್ರ ಎರಡು ವರ್ಷ. ಒಂದು ವರ್ಷ ಫ್ರೆಂಚ್, ಒಂದು ವರ್ಷ ಸ್ಪ್ಯಾನಿಷ್ ಅಂದ್ರ ನಡಿಯೂದಿಲ್ಲ. ಕಂಪ್ಯೂಟರ್ ಪ್ರೋಗ್ರಾಮಿಂಗನ್ನೂ ಅದರ ಬದಲಿಗೆ ಹಿಡಿಯೋ ಅವಕಾಶ ಐತಿ. ಇಂಜಿನಿಯರ್ ಅಪ್ಪಗೋಳು ಇದನ್ನ ಕೇಳಿದ ಕೂಡಲೇ ಕುಣೀತಾರ, ನಿಮ್ಮನಿಯವರೂ ಕುಣೀತಾರ. ಆದ್ರ ಎಷ್ಟೋ ಕಾಲೇಜು ಮಾತಾಡೋ ಭಾಷಾನ ಬೇಕಂತಾವ, ಆ ಬಾಗಲಾ ಮುಚ್ಚಬ್ಯಾಡ. ಎರಡಕ್ಕ ನಿಲ್ಲಸದ ಮೂರು ನಾಕು ವರ್ಷ ಓದಿಸಿದ್ರ ಚಲೋ, ಕೊನೀಗೆ ಎಪಿ ಅನ್ನೋ ಕಾಲೇಜು ಮಟ್ಟದ ಪರೀಕ್ಷಾ ಹೈಸ್ಕೂಲಿನಾಗ ಬರೀಬಹುದು. ಅದು ಮೇ ತಿಂಗಳದಾಗ, 1ರಿಂದ 5ರ ತನಕ ಅಂಕ, ಚಲೋ ಬಂದ್ರ ಎಷ್ಟೋ ಕಾಲೇಜಿನಾಗ ಆ ಪಾಠ ಬಿಡಬಹುದು.

ಒಂದು ಎಚ್ಚರಿಕಿ: ಭಾಷಾದ ಗ್ರೇಡೂ ಒಂಬತ್ತನೇತ್ತದಿಂದ ಲೆಕ್ಕಕ್ಕ ಬರ್ತೈತಿ. 1997ರ ಕಾಯ್ದೆ ಪ್ರಕಾರ ಸಾಲ್ಯಾಗ ಮೊದಲ 10 ಪರ್ಸೆಂಟಿನಾಗ ಬಂದವರಿಗೆ ಟೆಕ್ಸಾಸಿನ ಸರ್ಕಾರಿ ವಿಶ್ವವಿದ್ಯಾಲಯದಾಗ ಸೀಟು ಸಿಗ್ತೈತಿ, ಆಸ್ಟಿನ್ ಊರಿನ ವಿಶ್ವವಿದ್ಯಾಲಯದಾಗ ಮಾತ್ರ ಇನ್ನೂ ಬಿಗಿ. ಅದಕ್ಕ "ಮನ್ಯಾಗ ಸ್ಪ್ಯಾನಿಷ್ ಆಡೋ ಹುಡುಗರ ಜೋಡಿ ನಮ್ಮ ಹುಡುಗಿ ಹಿಂದ ಬೀಳ್ತಾಳ" ಅಂತ ಕೆಲವರು ಹೆದರಸ್ತಾರ. ಭಾಳ ಸಾಲ್ಯಾಗ ಆ ಹುಡುಗರಿಗೆ ಬ್ಯಾರೆ ಕ್ಲಾಸ್ ಇರ್ತೈತಿ, ನಿಮ್ಮ ಸಾಲ್ಯಾಗ ಐತೇನು ಕೇಳು. ಇಲ್ಲಂದ್ರೂ ನಾ ಹೆದರೂದಿಲ್ಲ, ಬಾಜೂಕ ಕುಂತಾಕಿ ಆ ಭಾಷಾ ಆಡಾಕಿ ಆದ್ರ ಪುಕ್ಕಟೆ ಟ್ಯೂಶನ್.

ಮನಿ ಭಾಷಾ ಯಾವುದು ಅಂತ ಇನ್ನೊಂದು ಫಾರ್ಮ್ ಕೊಡ್ತಾರ. ಹೆದರಿ ಇಂಗ್ಲಿಷ್ ಅಂತ ಬರೀಬ್ಯಾಡ, ಕನ್ನಡ ಅಂತ ಬರಿ. ಇಂಗ್ಲಿಷಿಂದೊಂದು ಪರೀಕ್ಷಾ ತಗೋತಾರ, ಅಷ್ಟ. ಕೆಲವು ಸ್ಕೂಲ್ ಡಿಸ್ಟ್ರಿಕ್ಟಿನಾಗ ಮನಿ ಭಾಷಾದ್ದ ಪರೀಕ್ಷಾ ಬರದೂ ಕ್ರೆಡಿಟ್ ತಗೋಬಹುದು. ಕನ್ನಡಕ್ಕ ಐತೇನು ಅಂತ ಸಾಲಿಯ ಕೌನ್ಸೆಲರ್‌ಗೆ ಕೇಳು. ಇದ್ದರೂ ಸ್ಪ್ಯಾನಿಷ್ ಬಿಡಸಬ್ಯಾಡ.

ಭಾವನವರ ಮಾತು ಪೂರ್ತಿ ಸುಳ್ಳಲ್ಲ. ಗ್ರೀನ್ ಕಾರ್ಡ್ ಸಾಲಿನಾಗ ನಿಂತು ಬ್ಯಾಸತ್ತವರು ಕೆನಡಾ ನೋಡ್ತಾರ, ಅಲ್ಲಿ 2023ರಿಂದ ಫ್ರೆಂಚ್ ಬಲ್ಲವರಿಗೆ ಎಕ್ಸ್‌ಪ್ರೆಸ್ ಎಂಟ್ರಿಯೊಳಗ, ಅಂದ್ರ ಅಲ್ಲೇ ನೆಲಸಾಕ ಹಾಕೋ ಅರ್ಜಿಯೊಳಗ, ಬ್ಯಾರೆ ಕರೆ ಬರ್ತೈತಿ. ಆದ್ರ ಓದೂದು, ಬರಿಯೂದು, ಕೇಳೂದು, ಮಾತಾಡೂದು ನಾಕರಾಗೂ 7ನೇ ಮಟ್ಟ ಮುಟ್ಟಬೇಕು. ನನ್ನ ಮಗನ ಫ್ರೆಂಚ್ ಬೇಕರಿ ಬಾಗಲಾನೂ ದಾಟಲಿಲ್ಲ. ಕೆನಡಾದ್ದೇ ವಿಚಾರ ಇದ್ರ ಗಂಡ ಹೆಂಡತಿ ನೀವಿಬ್ಬರು ಕಲೀರಿ, ಆಕಿ ಮ್ಯಾಲ ಯಾಕ ಹೊರಸ್ತೀರಿ?

ಆಕಿಗೇ ಫ್ರೆಂಚ್ ಅಂದ್ರ ಜೀವ ಅಂದ್ರ ನಾ ಬರದದ್ದೆಲ್ಲಾ ಹರದು ಒಗದು ಅದನ್ನ ಕೊಡಸು. ಆದ್ರ ನೀ ಇಷ್ಟು ಬರದದ್ರಾಗ ನೀ ಅದೀ, ಭಾವನವ್ರು ಅದಾರ, ಸಾಲಿ ಐತಿ. ಆಕಿ ಏನಂದಳು ಅನ್ನೋದು ಒಂದು ಸಾಲೂ ಇಲ್ಲ. ಮುಂದಿನ ಐತವಾರದ ತನಕ ನಾ ಬೆಳಗಾವಿಯಾಗ ಇರ್ತೀನಿ, ಸಂಜಿಮುಂದ ಆಕಿ ಕೈಯಾಗ ಫೋನ್ ಕೊಡು.