ಪ್ರಶ್ನೋತ್ತರ: ಸೋಲೊ ಆಲ್ಬಮ್‌ಗೆ ಕವರ್ ಹೇಗಿರಬೇಕು?

ನಾನು ಕೊಳಲು ವಾದಕಿ. ಮೊದಲ ಸೋಲೊ ಆಲ್ಬಮ್ ಬರುತ್ತಿದೆ. ಕವರ್ ಮೇಲೆ ನನ್ನ ಮುಖ ಬೇಕೋ, ಕೊಳಲು ಮಾತ್ರ ಸಾಕೋ? ಮಲ್ಪೆಯಲ್ಲಿ ಸಂಜೆ ತೆಗೆಸಿದ ಫೋಟೋಗಳಲ್ಲಿ ಮುಖ ಕಪ್ಪಾಗಿದೆ. ಕೊಳಲು ಪೂರ್ತಿ ಬರಬೇಕೆಂದರೆ ನಾನು ತೀರಾ ಸಣ್ಣಗೆ ಕಾಣುತ್ತೇನೆ.
— ಓದುಗರು, ಉಡುಪಿ

ಮುಖ ಇರಲಿ. ಮೊದಲ ಆಲ್ಬಮ್ ಎಂದರೆ ಕೇಳುಗರಿಗೆ ನಿಮ್ಮ ಹೆಸರೇ ಹೊಸದು. ಬರೀ ಕೊಳಲಿನ ಚಿತ್ರ ಹಾಕಿದರೆ ಅದು ಯಾರ ಕೊಳಲೂ ಆಗಬಹುದು. ಹೆಸರು ಗುರುತಾದ ಮೇಲೆ, ಮುಂದಿನ ಆಲ್ಬಮ್‌ಗಳಲ್ಲಿ ಮುಖ ಬಿಟ್ಟು ವಾದ್ಯವನ್ನೋ ಒಂದು ಬಣ್ಣವನ್ನೋ ಮಾತ್ರ ಇಡಬಹುದು.

ಮುಖ ಕಪ್ಪಾಗಲು ಕಾರಣ ನಮ್ಮ ಕರಾವಳಿಯ ದಿಕ್ಕು. ಇಲ್ಲಿ ಸೂರ್ಯ ಮುಳುಗುವುದು ಕಡಲಿನಲ್ಲಿ. ಸಂಜೆ ಕಡಲಿಗೆ ಬೆನ್ನು ಹಾಕಿ ನಿಂತರೆ ಬೆಳಕೆಲ್ಲ ಹಿಂದಿನಿಂದ ಬರುತ್ತದೆ, ಕ್ಯಾಮೆರಾ ಆಕಾಶಕ್ಕೆ ಹೊಂದಿಕೊಂಡು ಮುಖವನ್ನು ಕತ್ತಲಿಗೆ ತಳ್ಳುತ್ತದೆ. ಹಿನ್ನೆಲೆಗೆ ಕಡಲೇ ಬೇಕಿದ್ದರೆ ಬೆಳಿಗ್ಗೆ 7ರಿಂದ 8:30ರೊಳಗೆ ತೆಗೆಸಿ. ಪೂರ್ವದ ಎಳೆಬಿಸಿಲು ನೇರ ಮುಖದ ಮೇಲೆ ಬೀಳುತ್ತದೆ, ಹಿಂದೆ ಕಡಲೂ ತಿಳಿಯಾಗಿರುತ್ತದೆ. ಆದರೆ ಕಡಲು ನಿಜಕ್ಕೂ ಬೇಕೇ ಎಂದು ಮೊದಲು ಕೇಳಿಕೊಳ್ಳಿ. ಆಲ್ಬಮ್‌ನಲ್ಲಿ ಇರುವುದು ಕೃತಿ, ರಾಗಾಲಾಪನೆಗಳಾದರೆ ಅಲೆಗಳಿಗೆ ಅಲ್ಲಿ ಕೆಲಸವಿಲ್ಲ. ಒಂದೇ ಬಣ್ಣದ ಗೋಡೆ, ಪಕ್ಕದಲ್ಲೊಂದು ಕಿಟಕಿಯ ಬೆಳಕು, ಇಷ್ಟಿದ್ದರೆ ಫೋಟೋ ಹೆಚ್ಚು ಗಟ್ಟಿಯಾಗುತ್ತದೆ.

ಇನ್ನು ಕೊಳಲಿನ ಉದ್ದ. ಕವರ್ ಚೌಕ, ಕೊಳಲು ಅಡ್ಡ. ಎದುರಿನಿಂದ ತೆಗೆದರೆ ಮೇಲೂ ಕೆಳಗೂ ಜಾಗ ಖಾಲಿ ಬಿದ್ದು ಮುಖ ಕುಗ್ಗುತ್ತದೆ. ಕ್ಯಾಮೆರಾವನ್ನು ಕೊಳಲಿನ ತುದಿಯ ಕಡೆಗೆ ಸುಮಾರು 45 ಡಿಗ್ರಿ ಸರಿಸಿ. ಆಗ ಕೊಳಲು ಓರೆಯಾಗಿ ಮುಂದಕ್ಕೆ ಬರುತ್ತದೆ, ಮುಖಕ್ಕೆ ಜಾಗ ಸಿಗುತ್ತದೆ. ಫೋಕಸ್ ಕಣ್ಣಿನ ಮೇಲಿರಲಿ. ಅಪರ್ಚರ್ (ಲೆನ್ಸ್ ತೆರೆದುಕೊಳ್ಳುವ ಅಳತೆ) ಎಫ್ 5.6ರಿಂದ ಎಫ್ 8ರ ನಡುವೆ ಇಟ್ಟರೆ ಬೆರಳುಗಳು ತೀರಾ ಮಸುಕಾಗುವುದಿಲ್ಲ. ಮೊಬೈಲ್‌ನಲ್ಲಾದರೆ ದೂರ ನಿಂತು ಎರಡು ಅಥವಾ ಮೂರು ಪಟ್ಟು ಜೂಮ್ ಲೆನ್ಸ್‌ನಿಂದ ತೆಗೆಸಿ. ಮಾಮೂಲಿ ಲೆನ್ಸ್ ಹಿಡಿದು ಹತ್ತಿರ ಹೋದರೆ ಮುಂದಿರುವ ಕೈ ಮುಖಕ್ಕಿಂತ ದೊಡ್ಡದಾಗುತ್ತದೆ. ಕೊಳಲಿನ ತುದಿ ಚೌಕದಿಂದ ಹೊರಗೆ ಹೋದರೂ ನಷ್ಟವಿಲ್ಲ. ಊದುವ ರಂಧ್ರ ಮತ್ತು ಎರಡೂ ಕೈ ಮಾತ್ರ ಒಳಗಿರಬೇಕು. ಬೆರಳಿನ ಗೆಣ್ಣಿಗೆ ಸರಿಯಾಗಿ ಅಂಚು ಬಂದರೆ ಕೈ ಕಡಿದಂತೆ ಕಾಣುತ್ತದೆ.

ಕೊನೆಗೆ ಕವರನ್ನು 64 ಪಿಕ್ಸೆಲ್‌ಗೆ ಇಳಿಸಿ ಮೊಬೈಲ್‌ನಲ್ಲಿ ನೋಡಿ. ಹಾಡಿನ ಪಟ್ಟಿಯಲ್ಲಿ ಜನ ಕಾಣುವುದು ಹೆಚ್ಚುಕಡಿಮೆ ಆ ಗಾತ್ರವನ್ನೇ. ಮುಖ ಕವರ್‌ನ ಎತ್ತರದ ಮೂರರಲ್ಲಿ ಒಂದು ಪಾಲಾದರೂ ಇರದಿದ್ದರೆ ಅಲ್ಲಿ ಬರೀ ಚುಕ್ಕೆ ಉಳಿಯುತ್ತದೆ.

ಸ್ಯಾಕ್ಸೊಫೋನ್ ಹಿಡಿದು ಫೋಟೋ ತೆಗೆಸಿದರೆ ಫ್ಲ್ಯಾಶ್ ಬೆಳಕೆಲ್ಲ ವಾದ್ಯದ ಮೇಲೆ ಬಿಳಿ ಕಲೆಯಾಗುತ್ತದೆ. ಏನು ಮಾಡುವುದು?
— ಓದುಗರು, ಮಂಗಳೂರು

ಹಿತ್ತಾಳೆಯ ದುಂಡು ಮೈ ಕನ್ನಡಿಯಂತೆ ಸುತ್ತಲಿನದನ್ನೆಲ್ಲ ತೋರಿಸುತ್ತದೆ. ಹಾಗಾಗಿ ಫ್ಲ್ಯಾಶನ್ನು ವಾದ್ಯಕ್ಕೆ ನೇರ ಹೊಡೆಯಬೇಡಿ. ಬಿಳಿ ಬೆಡ್‌ಶೀಟ್ ಅಥವಾ ಥರ್ಮೊಕೋಲ್ ಹಲಗೆಯನ್ನು ಒಂದು ಬದಿಗೆ ನಿಲ್ಲಿಸಿ, ಬೆಳಕು ಅದಕ್ಕೆ ಬಡಿದು ವಾದ್ಯದತ್ತ ತಿರುಗುವಂತೆ ಮಾಡಿ. ಇನ್ನೊಂದು ಬದಿಗೆ ಕಪ್ಪು ಬಟ್ಟೆ ಹಿಡಿಸಿದರೆ ಅಂಚುಗಳು ಸ್ಪಷ್ಟವಾಗುತ್ತವೆ. ತೆಗೆಯುವ ಮೊದಲು ಬೆರಳಚ್ಚು ಒರೆಸಿ, ಆಮೇಲೆ ಕಂಪ್ಯೂಟರಿನಲ್ಲಿ ಅಳಿಸುವುದು ಕಷ್ಟ.

ನೀವು ನುಡಿಸುವುದು ಕರ್ನಾಟಕ ಸಂಗೀತವಾದರೆ, ಕುಳಿತೇ ತೆಗೆಸಿ ಎಂಬುದು ನಮ್ಮ ಸಲಹೆ. ಕದ್ರಿ ಗೋಪಾಲನಾಥರು ಹಣೆಗೆ ತಿಲಕವಿಟ್ಟು, ಕಛೇರಿ ವೇದಿಕೆಯಲ್ಲಿ ಕುಳಿತು ಸ್ಯಾಕ್ಸೊಫೋನ್ ಹಿಡಿದ ಚಿತ್ರವೇ ಅವರು ನುಡಿಸುವುದು ಕರ್ನಾಟಕ ಸಂಗೀತ ಎಂದು ಹೇಳಿಬಿಡುತ್ತಿತ್ತು. ನಿಂತು, ಕಪ್ಪು ಕನ್ನಡಕ ಹಾಕಿ ತೆಗೆಸಿದರೆ ನೋಡುವವರು ಬೇರೆ ಸಂಗೀತ ನಿರೀಕ್ಷಿಸುತ್ತಾರೆ.

ನನ್ನ ಭಕ್ತಿಗೀತೆ ಆಲ್ಬಮ್‌ನ ಕವರನ್ನು ಡಿಸ್ಟ್ರಿಬ್ಯೂಟರ್ (ಹಾಡುಗಳನ್ನು ಸ್ಟ್ರೀಮಿಂಗ್ ಆ್ಯಪ್‌ಗಳಿಗೆ ತಲುಪಿಸುವವರು) ತಿರಸ್ಕರಿಸಿದ್ದಾರೆ. ಅದರಲ್ಲಿ ದೇವರು, ಗುರುಗಳ ಫೋಟೋ, ಪ್ರಾಯೋಜಕರ ಲೋಗೊ, ನನ್ನ ನಂಬರ್, ಕ್ಯೂಆರ್ ಕೋಡ್ ಇವೆ.
— ಓದುಗರು, ಸುರತ್ಕಲ್

ತಿರಸ್ಕಾರಕ್ಕೆ ನಂಬರ್, ಕ್ಯೂಆರ್ ಕೋಡ್, ಲೋಗೊಗಳೇ ಸಾಕು. ಫೋನ್ ಸಂಖ್ಯೆ, ವೆಬ್ ವಿಳಾಸ, ಬೆಲೆ, ಜಾಹೀರಾತು ಇರುವ ಕವರ್ ಸ್ಟ್ರೀಮಿಂಗ್‌ಗೆ ಹೋಗುವುದಿಲ್ಲ. ‘ಹೊಸ ಬಿಡುಗಡೆ’ಯಂಥ ಮಾತುಗಳನ್ನೂ ತೆಗೆಯಿರಿ. ಕವರ್ ಮೇಲಿನ ಹೆಸರು ಮತ್ತು ಶೀರ್ಷಿಕೆ, ಅರ್ಜಿಯಲ್ಲಿ ತುಂಬಿದ್ದಕ್ಕೆ ಹೊಂದಬೇಕು. ಫೈಲ್ ಚೌಕವಾಗಿ 3000 × 3000 ಪಿಕ್ಸೆಲ್, ಆರ್‌ಜಿಬಿ (ಸ್ಕ್ರೀನ್‌ಗೆ ಬಳಸುವ ಬಣ್ಣದ ಕ್ರಮ), ಜೆಪಿಜಿ ಅಥವಾ ಪಿಎನ್‌ಜಿ. ಸಣ್ಣ ಚಿತ್ರವನ್ನು ಎಳೆದು ದೊಡ್ಡದು ಮಾಡಿದರೆ ಮಸುಕೆಂದು ಮತ್ತೆ ವಾಪಸ್ ಬರುತ್ತದೆ. ಅಂಚಿನಿಂದ 150 ಪಿಕ್ಸೆಲ್‌ವರೆಗಿನ ಪಟ್ಟಿಯಲ್ಲಿ ಅಕ್ಷರ ಇಡಬೇಡಿ, ಕೆಲವು ಆ್ಯಪ್‌ಗಳು ಮೂಲೆಗಳನ್ನು ದುಂಡಗೆ ಮಾಡುತ್ತವೆ.

ನಿಮ್ಮ ಕವರ್ ಕಾರ್ಯಕ್ರಮದ ಆಮಂತ್ರಣ ಪತ್ರಿಕೆಯಾಗಿದೆ. ಗುರುಗಳಿಗೆ, ಪ್ರಾಯೋಜಕರಿಗೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಅದರ ಜಾಗ ಸಿಡಿಯ ಒಳಪುಟ ಅಥವಾ ಆಲ್ಬಮ್‌ನ ವಿವರಣೆ. ಮುಂಭಾಗದಲ್ಲಿ ನಿಮ್ಮ ಹೆಸರು, ಶೀರ್ಷಿಕೆ, ಒಂದು ಚಿತ್ರ ಮಾತ್ರ ಇರಲಿ. ಹಣ ಕಡಿಮೆಯಿದ್ದರೆ ಬ್ಲೂ ನೋಟ್ ಜಾಝ್ ಕಂಪನಿಯ 1950–60ರ ದಶಕದ ಕವರ್‌ಗಳನ್ನು ನೋಡಿ. ಫ್ರಾನ್ಸಿಸ್ ವುಲ್ಫ್ ತೆಗೆದ ಕಪ್ಪು-ಬಿಳುಪು ಫೋಟೋಗಳನ್ನು ರೀಡ್ ಮೈಲ್ಸ್ ಬಿಗಿಯಾಗಿ ಕತ್ತರಿಸಿ, ಒಂದೆರಡು ಬಣ್ಣ, ದೊಡ್ಡ ಅಕ್ಷರ ಸೇರಿಸುತ್ತಿದ್ದರು. ನುಡಿಸುವವರು ಯಾರೆಂದು ಇಂದಿಗೂ ಒಂದೇ ನೋಟಕ್ಕೆ ತಿಳಿಯುತ್ತದೆ.

ತುಳು ಆಲ್ಬಮ್‌ನ ಹೆಸರನ್ನು ಕನ್ನಡ ಲಿಪಿಯಲ್ಲಿ ಹಾಕಿದರೆ ಒತ್ತಕ್ಷರಗಳು ಬಿಡಿಬಿಡಿಯಾಗುತ್ತವೆ.
— ಓದುಗರು, ಕಾಪು

ಫಾಂಟ್ ಯುನಿಕೋಡ್ ಆಗಿದ್ದರೆ ದೋಷ ಸಾಫ್ಟ್‌ವೇರ್‌ನ ಸೆಟ್ಟಿಂಗ್‌ನದು. ಇಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಪ್ಯಾರಾಗ್ರಾಫ್ ಪ್ಯಾನೆಲ್‌ನ ಮೆನುವಿನಿಂದ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಫೋಟೋಶಾಪ್‌ನಲ್ಲೂ ಟೈಪ್ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾ ಲಿಪಿಗಳ ಆಯ್ಕೆ ಇದೆ. ಇಂಕ್‌ಸ್ಕೇಪ್‌ನಲ್ಲಿ ಈ ತೊಂದರೆಯಿಲ್ಲ. ನೋಟೊ ಸೆರಿಫ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಫಾಂಟ್‌ಗಳು ಮುಕ್ತ ಪರವಾನಗಿಯವು, ಮಾರಾಟದ ಕೆಲಸಕ್ಕೂ ಬಳಸಬಹುದು.

ಇಂಗ್ಲಿಷ್ ಶೀರ್ಷಿಕೆಗಳಂತೆ ಅಕ್ಷರಗಳ ನಡುವೆ ಅಂತರ ಹಿಗ್ಗಿಸಬೇಡಿ, ಕನ್ನಡದ ಗುಣಿತ ಚಿಹ್ನೆಗಳು ಅಕ್ಷರದಿಂದ ಕಳಚಿಕೊಳ್ಳುತ್ತವೆ. ಎರಡು ಸಾಲಿದ್ದರೆ ಸಾಲಿನ ಅಂತರ ಅಕ್ಷರದ ಗಾತ್ರಕ್ಕಿಂತ ಒಂದೂವರೆ ಪಟ್ಟು ಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ತಲೆಕಟ್ಟಿಗೆ ತಾಗುತ್ತದೆ. ಅತಿ ದಪ್ಪ ಫಾಂಟ್ ಸಣ್ಣ ಗಾತ್ರದಲ್ಲಿ ಒಳಗಿನ ಖಾಲಿ ಜಾಗ ಮುಚ್ಚಿಕೊಂಡು ಮುದ್ದೆಯಾಗುತ್ತದೆ. ಮಧ್ಯಮ ದಪ್ಪ ಸಾಕು. ಪ್ರೆಸ್‌ಗೆ ಕೊಡುವ ಮೊದಲು ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಕಿಲ್ಲದ ಆಕೃತಿಗಳಾಗಿ ಬದಲಿಸಿ.

ಸ್ಕ್ರೀನ್‌ನಲ್ಲಿ ಚೆಂದ ಕಂಡ ನೀಲಿ ಕವರ್, ಸಿಡಿಗೆ ಪ್ರಿಂಟ್ ಮಾಡಿಸಿದಾಗ ಮಂಕಾಯಿತು. ಮಳೆಗಾಲದಲ್ಲಿ ಕಾಗದವೂ ಸುರುಳಿ ಸುತ್ತಿತು.
— ಓದುಗರು, ಮಣಿಪಾಲ

ಸ್ಕ್ರೀನ್‌ನ ಕಡುನೀಲಿ ನಾಲ್ಕು ಶಾಯಿಗಳ ಮುದ್ರಣದಲ್ಲಿ ಸಿಗುವುದೇ ಇಲ್ಲ, ನೇರಳೆಗೆ ತಿರುಗುತ್ತದೆ. ಸ್ಟ್ರೀಮಿಂಗ್‌ಗೆ ಆರ್‌ಜಿಬಿ, ಪ್ರೆಸ್‌ಗೆ ಸಿಎಂವೈಕೆ (ಆ ನಾಲ್ಕು ಶಾಯಿಗಳ ಕ್ರಮ) ಎಂದು ಎರಡು ಫೈಲ್ ಮಾಡಿ, ಎರಡನೆಯದರಲ್ಲಿ ಬಣ್ಣ ತಿದ್ದಿ. ಒಂದು ಪ್ರೂಫ್ ತೆಗೆಸಿ, ಹಗಲು ಬೆಳಕಲ್ಲಿ ನೋಡಿದ ಮೇಲೆಯೇ ಉಳಿದದ್ದು. ಸಿಡಿ ಕವರ್ 120 × 120 ಮಿಲಿಮೀಟರ್, ಕತ್ತರಿಸಲು ಸುತ್ತಲೂ 3 ಮಿಲಿಮೀಟರ್ ಹೆಚ್ಚು, ಇಂಚಿಗೆ 300 ಪಿಕ್ಸೆಲ್. ಇದಕ್ಕೆ 3000 ಪಿಕ್ಸೆಲ್‌ನ ಫೈಲ್ ಧಾರಾಳ. ಮುಂದೆ ಎಲ್‌ಪಿ (ಗ್ರಾಮಫೋನ್ ತಟ್ಟೆ) ಮಾಡಿಸುವ ಆಸೆಯಿದ್ದರೆ ಮಾತ್ರ 4000ಕ್ಕೆ ವಿನ್ಯಾಸ ಮಾಡಿ, ಅದರ ಕವರ್ ಸುಮಾರು 315 ಮಿಲಿಮೀಟರ್ ಇರುತ್ತದೆ.

ಸಣ್ಣ ಕಪ್ಪು ಅಕ್ಷರಗಳಿಗೆ ಕಪ್ಪು ಶಾಯಿಯೊಂದೇ ಇರಲಿ. ನಾಲ್ಕೂ ಶಾಯಿ ಬೆರೆಸಿದರೆ ಕೂದಲೆಳೆ ಸರಿದರೂ ಅಂಚಿನಲ್ಲಿ ಬಣ್ಣ ಇಣುಕುತ್ತದೆ.

ಸುರುಳಿಗೆ ಕಾರಣ ಒಂದೇ ಬದಿಯ ಲ್ಯಾಮಿನೇಷನ್. ಲ್ಯಾಮಿನೇಷನ್ ಇಲ್ಲದ ಬದಿ ತೇವ ಹೀರಿ ಹಿಗ್ಗುತ್ತದೆ, ಇನ್ನೊಂದು ಬದಿ ಹಿಗ್ಗುವುದಿಲ್ಲ. ದಪ್ಪ ಕಾಗದ ಬಳಸಿ, ಒಳಬದಿಗೂ ವಾರ್ನಿಷ್ ಹಾಕಿಸಿ.

ಕೋಲದ ಫೋಟೋ ಕವರ್‌ಗೆ ಹಾಕಬಹುದೇ?
— ಓದುಗರು, ಬಂಟ್ವಾಳ

ಬರೀ ಅಂದಕ್ಕಾಗಿ ಬೇಡ. ಅದು ಆರಾಧನೆ, ಅಲಂಕಾರದ ವಸ್ತುವಲ್ಲ. ದೈವಗಳ ಕಥೆ ಹೇಳುವ ತುಳು ಹಾಡುಗಳ, ಅಂದರೆ ಪಾಡ್ದನದ ಆಲ್ಬಮ್ ಆದರೂ ಕೋಲ ಕಟ್ಟಿದವರ ಮತ್ತು ದೈವಸ್ಥಾನದವರ ಒಪ್ಪಿಗೆ ಪಡೆಯಿರಿ. ಯಕ್ಷಗಾನದ ಚಿತ್ರವಾದರೆ ತಿಟ್ಟು (ತೆಂಕು, ಬಡಗು ಎಂಬ ಶೈಲಿ) ನೋಡಿಕೊಳ್ಳಿ: ತೆಂಕಿನ ಭಾಗವತಿಕೆಯ ಮೇಲೆ ಬಡಗಿನ ಮುಂಡಾಸು ಕಂಡರೆ ಇಲ್ಲಿನ ಕೇಳುಗರಿಗೆ ಕೂಡಲೇ ಗೊತ್ತಾಗುತ್ತದೆ.

ಫೋಟೋದ ಹಕ್ಕು ಯಾರದು?
— ಓದುಗರು, ಕುಂದಾಪುರ

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ನೀವು ಹಣ ಕೊಟ್ಟು ಹೇಳಿ ತೆಗೆಸಿದ ಫೋಟೋಗೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಮೊದಲ ಹಕ್ಕುದಾರರು ನೀವೇ. ಸ್ನೇಹಿತರು ಸುಮ್ಮನೆ ತೆಗೆದುಕೊಟ್ಟದ್ದು, ಕಛೇರಿಯಲ್ಲಿ ಯಾರೋ ಕ್ಲಿಕ್ಕಿಸಿದ್ದು ಅವರದೇ. ಅವನ್ನು ಬಳಸಲು ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹಕ್ಕನ್ನೇ ವರ್ಗಾಯಿಸಿಕೊಳ್ಳುವುದಾದರೆ ಅವಧಿ ಮತ್ತು ಪ್ರದೇಶ ಎರಡನ್ನೂ ಪತ್ರದಲ್ಲಿ ಬರೆಸಿ. ಬರೆಯದಿದ್ದರೆ ಕಾಯ್ದೆ ಅದನ್ನು 5 ವರ್ಷಕ್ಕೆ, ಭಾರತದೊಳಗೆ ಮಾತ್ರ ಎಂದು ತಿಳಿಯುತ್ತದೆ. ಸ್ಟ್ರೀಮಿಂಗ್ ಎಲ್ಲ ದೇಶಗಳಿಗೂ ಹೋಗುವುದರಿಂದ ಅಷ್ಟು ಸಾಲದು.